ಕೊಳೆಯನ್ನು ಕಳೆಯುವ ಜೀವರಾಶಿ: ಸಕಲೇಶಪುರ-ಆಲೂರು ಮಲೆಗಳ ಕಾಫಿನೀರನ್ನು ಕುರಿತು

೧. ಪೀಠಿಕೆ

ಕನ್ನಡದಲ್ಲಿ ‘ಕೊಳೆ’ ಎಂಬ ಶಬ್ದವು ನಾಮಪದವಾಗಿ ನಿಂತಾಗ ಮಲಿನವಸ್ತುವನ್ನೂ, ಕ್ರಿಯಾಪದವಾಗಿ ನಿಂತಾಗ ವಸ್ತುವು ಜೀರ್ಣಿಸಿ ಶಿಥಿಲವಾಗುವ ವ್ಯಾಪಾರವನ್ನೂ ಸೂಚಿಸುವುದು. ಲೋಕರೂಢಿಯಲ್ಲಿ ಈ ಎರಡು ಅರ್ಥಗಳೂ ಒಂದೇ ಬಗೆಯ ಹೇಸಿಕೆಯನ್ನು ಹುಟ್ಟಿಸುವುವು. ಆದರೆ ಸೂಕ್ಷ್ಮಜೀವಿಶಾಸ್ತ್ರವು ಕಳೆದ ನೂರೈವತ್ತು ವರ್ಷಗಳಲ್ಲಿ ತೋರಿಸಿಕೊಟ್ಟಿರುವ ಸಂಗತಿಯು ಇದಕ್ಕೆ ವಿಪರೀತವಾದುದು. ಕೊಳೆಯುವಿಕೆಯೇ ಕೊಳೆಯನ್ನು ಕಳೆಯುವ ಉಪಾಯ. ನೀರು ಕೆಡುವುದೂ ತಿಳಿಯಾಗುವುದೂ ಕಣ್ಣಿಗೆ ಕಾಣದ ಒಂದೇ ಜೀವರಾಶಿಯ ಕೆಲಸ. ಅದು ಎಲ್ಲಿ, ಯಾವ ಕ್ರಮದಲ್ಲಿ, ಎಷ್ಟು ಗಾಳಿಯ ಸಹಾಯದಿಂದ ನಡೆಯಿತೆಂಬುದರ ಮೇಲೆ ಫಲವು ನಿಂತಿರುವುದು.

ಈ ತತ್ತ್ವವನ್ನು ವಿಚಾರಮಾಡಲು ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ಮಲೆಗಳಿಗಿಂತ ಉಚಿತವಾದ ಪ್ರದೇಶವು ದೊರೆಯುವುದು ಕಷ್ಟ. ಅಲ್ಲಿ ಕಾಫಿಯ ಹಣ್ಣನ್ನು ಸಂಸ್ಕರಿಸುವ ನೀರು ವರ್ಷಕ್ಕೊಮ್ಮೆ ಕೆಲವು ತಿಂಗಳು ಹೊಳೆಗಳ ನೆಮ್ಮದಿಯನ್ನು ಪರೀಕ್ಷಿಸುತ್ತದೆ. ಆ ನೀರಿನ ಸ್ವಭಾವವೂ ಊರಿನ ಕೊಳಚೆನೀರಿನ ಸ್ವಭಾವವೂ ಒಂದಕ್ಕೊಂದು ಭಿನ್ನವಾಗಿರುವುದರಿಂದ, ಎರಡನ್ನೂ ಜೊತೆಗಿಟ್ಟು ನೋಡಿದರೆ ವಿಷಯವು ಚೆನ್ನಾಗಿ ಮನದಟ್ಟಾಗುವುದು.

೨. ಮಲೆ, ಹೊಳೆ ಮತ್ತು ಕಾಫಿ

ಸಕಲೇಶಪುರದ ಸೀಮೆಗೆ ಹಿಂದೆ ಮಂಜರಾಬಾದ್ ಎಂಬ ಹೆಸರಿದ್ದಿತು. ಟಿಪ್ಪು ಸುಲ್ತಾನನು ೧೭೯೨ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯು ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ೧೮೫೬ರಲ್ಲಿ ಇಲ್ಲಿಗೆ ಬಂದು ತೋಟಮಾಡಿದ ರಾಬರ್ಟ್ ಎಲಿಯಟ್ ಎಂಬ ಸ್ಕಾಟ್ಲೆಂಡಿನವನು ಮೈಸೂರಿನ ಕಾಫಿ ಕೃಷಿಯನ್ನು ಕುರಿತು ಗ್ರಂಥಗಳನ್ನೇ ಬರೆದನು. ಮೈಸೂರು ಸರ್ಕಾರವು ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗಕ್ಷೇತ್ರವನ್ನು ತೆರೆಯಿತು. ಅದೇ ಮುಂದೆ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದೆ.

ಈ ಮಲೆಯ ನೆತ್ತಿಯು ನೀರನ್ನು ಎರಡು ಪಾಲು ಮಾಡುವುದು. ಪಡುವಣ ಇಳಿಜಾರಿನ ಎತ್ತಿನಹೊಳೆ, ಕೆಂಪುಹೊಳೆ ಮೊದಲಾದುವು ಕುಮಾರಧಾರಾ-ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರವನ್ನು ಸೇರುವುವು. ಮೂಡಣದ ನೀರೆಲ್ಲವೂ ಹೇಮಾವತಿಯ ಪಾಲು. ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಈ ನದಿಯು ಸಕಲೇಶಪುರದ ಪೇಟೆಯನ್ನು ತೊಳೆದುಕೊಂಡು ಸಾಗಿ, ಯಗಚಿಯನ್ನು ಕೂಡಿಕೊಂಡು, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವುದು. ಆಲೂರು ಸೀಮೆಯ ವಾಟೆಹೊಳೆಯೂ ಇದರ ಉಪನದಿಯೇ. ಆದುದರಿಂದ ಈ ಮಲೆಗಳಲ್ಲಿ ಹೊಳೆಗೆ ಬಿದ್ದ ವಸ್ತುವು ಆ ತೋಟದ ಎಲ್ಲೆಯಲ್ಲಿ ನಿಲ್ಲದೆ, ಬಯಲುಸೀಮೆಯ ಗದ್ದೆಗೂ ಕುಡಿಯುವ ನೀರಿಗೂ ಸಂಬಂಧಿಸುವುದು.

ಕಾಫಿಯ ಹಣ್ಣಿನಲ್ಲಿ ಹೊರಗೆ ಸಿಪ್ಪೆ, ಅದರೊಳಗೆ ಸಿಹಿಯಾದ ತಿರುಳು, ತಿರುಳಿನ ಒಳಗೆ ಬೀಜಕ್ಕೆ ಅಂಟಿದ ಲೋಳೆ, ಲೋಳೆಯ ಒಳಗೆ ಪಾರ್ಚ್‌ಮೆಂಟ್ ಎಂಬ ಬಿರುಸಾದ ಹೊದಿಕೆ ಇರುವುವು. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಅದು ಚೆರಿ ಕಾಫಿ. ಇದಕ್ಕೆ ನೀರು ಬೇಕಿಲ್ಲ. ಪಲ್ಪರ್ ಯಂತ್ರದಿಂದ ಸಿಪ್ಪೆ ಬಿಡಿಸಿ, ತೊಟ್ಟಿಯಲ್ಲಿ ಹುದುಗಲು ಬಿಟ್ಟು, ಲೋಳೆ ಕರಗಿದ ಮೇಲೆ ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್ ಕಾಫಿ. ಅರೇಬಿಕಾ ಜಾತಿಯ ಕಾಫಿಯನ್ನು ಹೆಚ್ಚಾಗಿ ಈ ಎರಡನೆಯ ಕ್ರಮದಿಂದಲೇ ಸಿದ್ಧಪಡಿಸುವರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ತೊಟ್ಟಿಯಲ್ಲಿ ಲೋಳೆಯನ್ನು ಕರಗಿಸುವುವು ಬ್ಯಾಕ್ಟೀರಿಯಾ ಮತ್ತು ಯೀಸ್ಟುಗಳೇ. ತೊಟ್ಟಿಯೊಳಗೆ ಅವುಗಳ ಕೆಲಸಕ್ಕೆ ಸಂಸ್ಕಾರವೆಂದು ಹೆಸರು. ಅದೇ ಕೆಲಸವು ಹೊಳೆಯಲ್ಲಿ ಮುಂದುವರಿದಾಗ ಮಾಲಿನ್ಯವೆಂದು ಹೆಸರು.

೩. ನೀರು ಕೆಡುವ ಬಗೆ

ಕಾಫಿನೀರಿನಲ್ಲಿ ಯಾವುದೋ ಘೋರವಿಷವು ಇರುವುದೆಂದು ಅನೇಕರು ಭಾವಿಸುವುದುಂಟು. ಅದರಲ್ಲಿ ಟ್ಯಾನಿನ್, ಕೆಫೀನ್ ಮೊದಲಾದುವು ಇರುವುವೆಂಬುದು ನಿಜವೇ. ಆದರೆ ಮುಖ್ಯವಾದ ಕೇಡು ಬರುವುದು ಸಕ್ಕರೆ ಮತ್ತು ಪೆಕ್ಟಿನ್‌ಗಳಿಂದ, ಎಂದರೆ ಆಹಾರದ ಅತಿಶಯದಿಂದ. ಆಹಾರವು ಹೇರಳವಾದಾಗ ಹೊಳೆಯ ಸೂಕ್ಷ್ಮಜೀವಿಗಳು ಮಿತಿಯಿಲ್ಲದೆ ವೃದ್ಧಿಹೊಂದಿ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುವುವು. ಮೀನು ಮೊದಲಾದ ಜೀವಿಗಳು ಉಸಿರುಕಟ್ಟಿ ಸಾಯುವುವು. ಬಳಿಕ ಆಮ್ಲಜನಕವಿಲ್ಲದೆ ಬಾಳುವ ಜೀವಿಗಳು ಮೇಲುಗೈಯಾಗಿ ದುರ್ವಾಸನೆಯನ್ನು ಹಬ್ಬಿಸುವುವು.

ಒಂದು ಲೀಟರ್ ನೀರಿನ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಮಿಲಿಗ್ರಾಂ ಆಮ್ಲಜನಕವು ಬೇಕೋ ಅದನ್ನು ಆ ನೀರಿನ ‘ಜೈವಿಕ ಆಮ್ಲಜನಕ ಬೇಡಿಕೆ’ ಎಂದು ಕರೆಯುವರು. ಮನೆಗಳ ಕೊಳಚೆಯಲ್ಲಿ ಇದು ಸಾಧಾರಣವಾಗಿ ೨೦೦ರಿಂದ ೩೦೦; ಕಾಫಿನೀರಿನಲ್ಲಿ ಹಲವು ಸಾವಿರ. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಶುದ್ಧಜಲವು ಧರಿಸಬಲ್ಲ ಆಮ್ಲಜನಕವು ಸುಮಾರು ೮ ಮಿಲಿಗ್ರಾಂ ಮಾತ್ರ. ಇಂತಿರಲು, ೪೦೦೦ ಬೇಡಿಕೆಯುಳ್ಳ ಒಂದು ಲೀಟರ್ ಕಾಫಿನೀರು ೫೦೦ ಲೀಟರ್ ಹೊಳೆಯ ನೀರಿನ ಉಸಿರನ್ನು ಹೀರಬಲ್ಲುದೆಂದು ಸಿದ್ಧವಾಗುವುದು. ಹೊಳೆಗೆ ಬಿಡುವ ನೀರಿನಲ್ಲಿ ಈ ಬೇಡಿಕೆಯು ೩೦ನ್ನು ಮೀರಕೂಡದೆಂದು ದೇಶದ ಸಾಮಾನ್ಯ ನಿಯಮವು ವಿಧಿಸಿರುವುದರ ಕಾರಣವು ಇದರಿಂದ ಸ್ಪಷ್ಟವಾಗುತ್ತದೆ.

ಕಾಲವೂ ಇಲ್ಲಿ ಪ್ರತಿಕೂಲವಾದುದು. ಹೊಳೆಗಳು ತುಂಬಿ ಹರಿಯುವುದು ಆಷಾಢ ಶ್ರಾವಣಗಳಲ್ಲಿ. ಕಾಫಿಯ ಕೊಯ್ಲು ನವೆಂಬರಿನಿಂದ ಮೊದಲುಗೊಂಡು ಬೇಸಗೆಯ ಆದಿಯವರೆಗೆ. ಹೊಳೆಯು ದಿನದಿನಕ್ಕೆ ಕ್ಷೀಣಿಸುವ ಕಾಲದಲ್ಲಿಯೇ ಅದರ ಮೇಲೆ ಭಾರವು ಬೀಳುವುದು.

೪. ಸಾರಜನಕದ ಗತಿ

ಕೊಳೆಯ ಇಂಗಾಲವು ಜೀರ್ಣವಾಗಿ ಗಾಳಿಗೆ ಸೇರಿದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಹೇಳಲಾಗದು. ಸಾರಜನಕ, ರಂಜಕ ಎಂಬ ಎರಡು ಪೋಷಕದ್ರವ್ಯಗಳು ನೀರಿನಲ್ಲಿಯೇ ಉಳಿಯುವುವು. ಗದ್ದೆಗೆ ಇವು ಗೊಬ್ಬರ. ನಿಂತ ನೀರಿಗೆ ಇವೇ ಶತ್ರು. ಒಂದು ಗ್ರಾಂ ರಂಜಕವು ಸುಮಾರು ನೂರು ಗ್ರಾಂ ಒಣತೂಕದ ಪಾಚಿಯನ್ನು ಬೆಳೆಸಬಲ್ಲುದು; ಆ ಪಾಚಿಯು ಸತ್ತು ಕೊಳೆಯುವಾಗ ಮತ್ತೆ ಆಮ್ಲಜನಕಕ್ಕೆ ಕೈನೀಡುವುದು. ಕಳೆದ ಕೊಳೆಯು ಹೀಗೆ ವೇಷಮರೆಸಿಕೊಂಡು ಹಿಂದಿರುಗುವುದು. ಹರಿಯುವ ಹಳ್ಳದಲ್ಲಿ ಕಾಣದ ಈ ದೋಷವು ಅಣೆಕಟ್ಟಿನಂತಹ ನಿಂತ ನೀರಿನಲ್ಲಿ ಪ್ರಕಟವಾಗುವುದು ಸಹಜ.

ಸಾರಜನಕವನ್ನು ನೀರಿನಿಂದ ಬಿಡಿಸುವ ಕೆಲಸವು ಒಂದು ಜೀವಿಯಿಂದ ಆಗತಕ್ಕದ್ದಲ್ಲ. ಮೊದಲು ಪ್ರೋಟೀನು, ಯೂರಿಯಾ ಮೊದಲಾದುವು ಒಡೆದು ಅಮೋನಿಯಾ ಆಗುವುದು. ಬಳಿಕ ನೈಟ್ರೊಸೊಮೊನಾಸ್ ಮೊದಲಾದ ಜೀವಿಗಳು ಅಮೋನಿಯಾವನ್ನು ನೈಟ್ರೈಟನ್ನಾಗಿಯೂ, ನೈಟ್ರೊಸ್ಪೈರಾ, ನೈಟ್ರೊಬ್ಯಾಕ್ಟರ್ ಮೊದಲಾದುವು ಅದನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ಈ ವ್ಯಾಪಾರವು ಜೀವಕೃತವೆಂಬುದನ್ನು ೧೮೭೭ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಫ್ರಾನ್ಸಿನ ವಿದ್ವಾಂಸರು ತೋರಿಸಿದರು; ೧೮೯೦ರಲ್ಲಿ ರಷ್ಯಾದ ವಿನೊಗ್ರಾಡ್‌ಸ್ಕಿಯು ಆ ಜೀವಿಗಳನ್ನೇ ಬೇರ್ಪಡಿಸಿದನು. ಈ ಎರಡು ಹೆಜ್ಜೆಗಳನ್ನೂ ಒಂದೇ ಜೀವಿಯು ಇಡಬಲ್ಲುದೆಂಬುದು ೨೦೧೫ರಲ್ಲಿ ಮಾತ್ರ ತಿಳಿದುಬಂದಿತು. ಇದಕ್ಕೆಲ್ಲ ಆಮ್ಲಜನಕವು ಬೇಕೇಬೇಕು.

ಮುಂದಿನ ಹೆಜ್ಜೆಗೆ ಆಮ್ಲಜನಕದ ಅಭಾವವೇ ಅಗತ್ಯ. ಗಾಳಿ ದೊರೆಯದಾಗ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಉಸಿರಾಗಿ ಬಳಸಿ, ಸಾರಜನಕವನ್ನು ಅನಿಲರೂಪದಲ್ಲಿ ಆಕಾಶಕ್ಕೆ ಬಿಡುವುವು. ಆದರೆ ಉಸಿರಾಡಲು ಅವುಗಳಿಗೆ ಇಂಗಾಲದ ಆಹಾರವೂ ಬೇಕು. ಆದುದರಿಂದ ಶುದ್ಧೀಕರಣದ ಶಿಲ್ಪವೆಂದರೆ ಗಾಳಿಯುಳ್ಳ ಎಡೆಯನ್ನೂ ಗಾಳಿಯಿಲ್ಲದ ಎಡೆಯನ್ನೂ ಒಂದರ ಬಳಿಯಲ್ಲಿ ಒಂದನ್ನಿರಿಸಿ, ನೀರನ್ನು ಎರಡರಲ್ಲಿಯೂ ಹಾಯಿಸುವುದು.

ಈ ಏರ್ಪಾಡಿನ ನೈಸರ್ಗಿಕ ರೂಪವು ಮಲೆನಾಡಿನವರ ಕಣ್ಣೆದುರಿಗೇ ಇರುವುದು. ನೀರು ನಿಂತ ಗದ್ದೆಯಲ್ಲಿ ಕೆಸರಿನ ಮೇಲ್ಪದರಕ್ಕೆ ಮಾತ್ರ ಗಾಳಿ ತಾಗುವುದು. ಅಲ್ಲಿ ಅಮೋನಿಯಾವು ನೈಟ್ರೇಟಾಗುವುದು. ಅದು ಕೆಳಗಿನ ಕಪ್ಪು ಕೆಸರಿಗೆ ಇಳಿದಾಗ ಅನಿಲವಾಗಿ ಮಾಯವಾಗುವುದು. ಬೇಸಾಯಗಾರನ ದೃಷ್ಟಿಯಿಂದ ಇದು ಗೊಬ್ಬರದ ನಷ್ಟ. ಹೊಳೆಯ ದೃಷ್ಟಿಯಿಂದ ಇದೇ ಲಾಭ. ಇಳಿಜಾರಿನ ಕಾಫಿತೋಟಕ್ಕೂ ತಗ್ಗಿನ ಹಳ್ಳಕ್ಕೂ ನಡುವೆ ಇರುವ ಗದ್ದೆಯು ಹೀಗೆ ಅಕ್ಕಿಯನ್ನು ಕೊಡುವುದಲ್ಲದೆ, ಮೇಲಿನಿಂದ ಇಳಿದ ಗೊಬ್ಬರದ ಸಾರವನ್ನು ಹೊಳೆಗೆ ಮುಟ್ಟುವ ಮೊದಲು ತಡೆಯುವ ಕಾವಲುಗಾರನಂತೆಯೂ ಇರುವುದು. ಗದ್ದೆಯನ್ನು ಬೀಳುಬಿಡುವಾಗಲೂ, ಬಸಿಗಾಲುವೆ ತೆಗೆದು ಬೇರೆ ಬೆಳೆಗೆ ತಿರುಗಿಸುವಾಗಲೂ ಕಳೆದುಹೋಗುವ ವಸ್ತುಗಳ ಲೆಕ್ಕದಲ್ಲಿ ಇದನ್ನೂ ಸೇರಿಸತಕ್ಕದ್ದು.

೫. ರಂಜಕದ ಗತಿ ಮತ್ತು ಬೆಂಗಳೂರಿನ ಶೋಧ

ಜೀವಿಗಳ ಸಹಾಯದಿಂದ ಕೊಳಚೆಯನ್ನು ಶುದ್ಧಿಗೊಳಿಸುವ ಇಂದಿನ ಪ್ರಧಾನ ವಿಧಾನವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ರೂಪುಗೊಂಡಿತು. ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞನ ಸೂಚನೆಯನ್ನು ಅನುಸರಿಸಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಕೊಳಚೆಗೆ ಗಾಳಿಯೂದಿ, ತಳದಲ್ಲಿ ನಿಂತ ಗಸಿಯನ್ನು ಚೆಲ್ಲದೆ ಮುಂದಿನ ಸರದಿಯ ನೀರಿಗೆ ಸೇರಿಸುತ್ತ ಬಂದರು. ಮೊದಲ ಸಲ ಸುಮಾರು ಐದು ವಾರ ಹಿಡಿದ ಕೆಲಸವು ಗಸಿಯು ಹೆಚ್ಚಿದಂತೆಲ್ಲ ತ್ವರಿತವಾಗಿ, ಕೊನೆಗೆ ಒಂದು ದಿನದೊಳಗೆ ಮುಗಿಯತೊಡಗಿತು. ೧೯೧೪ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಆ ಗಸಿಗೆ ‘ಚೇತನಗೊಂಡ ಗಸಿ’ ಎಂಬ ಅರ್ಥದ ಹೆಸರು ಬಂದಿತು. ಮನೆಯಲ್ಲಿ ಹಾಲಿಗೆ ಹೆಪ್ಪುಹಾಕುವವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೌಲರ್ ಮಹಾಶಯನು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕನಾಗಿ ಬಂದುದರಿಂದ ಈ ವಿದ್ಯೆಯು ಕನ್ನಡನಾಡಿನಲ್ಲಿ ಬಹುಬೇಗ ಬೇರೂರಿತು. ೧೯೪೨ರಲ್ಲಿ ಅದೇ ಸಂಸ್ಥೆಯ ಎಸ್. ಸಿ. ಪಿಳ್ಳೆ ಮತ್ತು ವಿ. ಸುಬ್ರಹ್ಮಣ್ಯನ್ ಅವರು ಗಸಿಯಲ್ಲಿ ಬ್ಯಾಕ್ಟೀರಿಯಾಗಳಲ್ಲದೆ ಪ್ರೋಟೋಜೋವಾಗಳಿಗೂ ಮುಖ್ಯವಾದ ಪಾತ್ರವಿರುವುದೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಈ ಜೀವಿಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾಗಳನ್ನು ಮೇಯುವುದರಿಂದ ನೀರು ತಿಳಿಯಾಗುವುದು. ಗಸಿಯೆಂದರೆ ಒಂದು ಜಾತಿಯ ಕೃಷಿಯಲ್ಲ, ಉಣ್ಣುವವರೂ ಉಣಿಸಾಗುವವರೂ ಕೂಡಿದ ಒಂದು ಊರು ಎಂಬ ಭಾವನೆಗೆ ಇದರಿಂದ ಬಲ ಬಂದಿತು.

ಇದಕ್ಕಿಂತಲೂ ಹೆಚ್ಚಿನದು ೧೯೫೯ರ ಶೋಧ. ಆ ವರ್ಷ ಇ. ಜಿ. ಶ್ರೀನಾಥ್, ಸಿ. ಎ. ಶಾಸ್ತ್ರಿ ಮತ್ತು ಎಸ್. ಸಿ. ಪಿಳ್ಳೆ ಅವರು ಬೆಂಗಳೂರಿನಿಂದ ‘ಎಕ್ಸ್‌ಪೀರಿಯೆಂಷಿಯಾ’ ಎಂಬ ಸ್ವಿಸ್ ಪತ್ರಿಕೆಗೆ ಒಂದು ಕಿರುಲೇಖನವನ್ನು ಬರೆದರು. ಚೇತನಗೊಂಡ ಗಸಿಯು ಕೊಳಚೆಯಲ್ಲಿನ ರಂಜಕವನ್ನು ತ್ವರಿತವಾಗಿ ಹೀರಿಕೊಳ್ಳುವುದೆಂಬುದು ಅದರ ಸಾರ. ಬೆಳವಣಿಗೆಗೆ ಬೇಕಾದುದಕ್ಕಿಂತ ಮಿಗಿಲಾಗಿ ರಂಜಕವನ್ನು ಕೂಡಿಡುವ ಈ ಜೈವಿಕ ವ್ಯಾಪಾರದ ಚರಿತ್ರೆಯನ್ನು ಬರೆಯುವ ವಿದೇಶದ ಪಂಡಿತರೂ ಇದನ್ನೇ ಮೊದಲ ವರದಿಗಳಲ್ಲೊಂದೆಂದು ಎಣಿಸುವರು. ೧೯೬೫ರಲ್ಲಿ ಅಮೆರಿಕದ ಲೆವಿನ್ ಮತ್ತು ಷಪೀರೊ ಅವರು, ಗಾಳಿಯಿದ್ದಾಗ ಗಸಿಯು ರಂಜಕವನ್ನು ಹೀರುವುದೆಂದೂ ಗಾಳಿಯಿಲ್ಲದಾಗ ಬಿಡುವುದೆಂದೂ ತೋರಿಸಿದರು. ೧೯೭೦ರ ದಶಕದಲ್ಲಿ ದಕ್ಷಿಣ ಆಫ್ರಿಕದ ಜೇಮ್ಸ್ ಬರ್ನಾರ್ಡ್ ಮೊದಲು ಗಾಳಿಯಿಲ್ಲದ ತೊಟ್ಟಿಯಲ್ಲಿಯೂ ಬಳಿಕ ಗಾಳಿಯುಳ್ಳ ತೊಟ್ಟಿಯಲ್ಲಿಯೂ ಗಸಿಯನ್ನು ಸುತ್ತಿಸುವ ಕ್ರಮವನ್ನು ನೆಲೆಗೊಳಿಸಿದನು.

ಇದರ ರಹಸ್ಯವು ಹೀಗಿದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಅಸಿಟಿಕ್ ಆಮ್ಲವೇ ಮೊದಲಾದ ಆಹಾರವು ಹೇರಳ. ಆದರೆ ಉಸಿರಿಲ್ಲದೆ ಅದನ್ನು ಉಣ್ಣಲು ಬಹುಜೀವಿಗಳಿಗೆ ಸಾಧ್ಯವಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ತಮ್ಮೊಳಗೆ ಸರಪಣಿಯಂತೆ ಕೂಡಿಟ್ಟ ಪಾಲಿಫಾಸ್ಫೇಟನ್ನು ಮುರಿದು, ಅದರಿಂದ ಬಂದ ಶಕ್ತಿಯಿಂದ ಆಹಾರವನ್ನು ಒಳಸೆಳೆದು ಮೇದಸ್ಸಿನಂತಹ ವಸ್ತುವಾಗಿ ಶೇಖರಿಸುವುವು. ಆಗ ಮುರಿದ ರಂಜಕವು ನೀರಿಗೆ ಬೀಳುವುದು. ಮುಂದೆ ಗಾಳಿಯುಳ್ಳ ತೊಟ್ಟಿಗೆ ಬಂದಾಗ ಹೊರಗೆ ಆಹಾರವಿಲ್ಲ, ಒಳಗೆ ಉಂಟು. ಅದನ್ನು ದಹಿಸಿ, ಬಿಟ್ಟುದಕ್ಕಿಂತ ಹೆಚ್ಚಾದ ರಂಜಕವನ್ನು ನೀರಿನಿಂದ ಹಿಂದೆಗೆದುಕೊಳ್ಳುವುವು. ಸುಗ್ಗಿಯಲ್ಲಿ ಕಣಜವನ್ನು ತುಂಬಿ ಮಳೆಗಾಲದಲ್ಲಿ ಉಣ್ಣುವ ಒಕ್ಕಲಿನ ನಡತೆಗೆ ಇದು ದೂರವಾದುದಲ್ಲ. ಇಂತಹ ಜೀವಿಗಳಲ್ಲಿ ಪ್ರಸಿದ್ಧವಾದುದಕ್ಕೆ ‘ಅಕ್ಯುಮ್ಯುಲಿಬ್ಯಾಕ್ಟರ್’ ಎಂದು ೧೯೯೯ರಲ್ಲಿ ನಾಮಕರಣವಾಯಿತು. ಇದೇ ಆಹಾರವನ್ನು ಕಬಳಿಸಿಯೂ ರಂಜಕವನ್ನು ಹೀರದೆ ಇರುವ ‘ಕಾಂಪಿಟಿಬ್ಯಾಕ್ಟರ್’ ಎಂಬ ದಾಯಾದಿಯೂ ಗಸಿಯಲ್ಲಿ ಇರುವುದು. ಇವೆರಡರ ಪೈಪೋಟಿಯ ಮೇಲೆ ತೊಟ್ಟಿಯ ಫಲವು ನಿರ್ಣಯವಾಗುವುದು.

ಸಾರಜನಕಕ್ಕೂ ರಂಜಕಕ್ಕೂ ಒಂದು ಮೂಲಭೂತ ಭೇದವಿರುವುದನ್ನು ಮರೆಯಲಾಗದು. ಸಾರಜನಕವು ಗಾಳಿಗೆ ಹೋಗಬಲ್ಲುದು. ಇಲ್ಲಿ ರಂಜಕಕ್ಕೆ ಅಂತಹ ದಾರಿಯಿಲ್ಲ. ಅದು ಗಸಿಯೊಡನೆಯೇ ಹೊರಬೀಳಬೇಕು. ಗಸಿಯನ್ನು ತೆಗೆಯದಿದ್ದರೆ ನಿವಾರಣೆಯೂ ಇಲ್ಲ. ಈ ವಿದ್ಯೆಯ ಒಂದು ಮೊದಲ ದೀಪವು ಹೊತ್ತಿದ ಬೆಂಗಳೂರಿನಲ್ಲಿಯೇ ಬೆಳ್ಳಂದೂರು ಕೆರೆಯು ೨೦೧೫ರ ಸುಮಾರಿನಲ್ಲಿ ನೊರೆಯುಕ್ಕಿ ಬೀದಿಗೆ ಹರಿದುದು, ತಿಳಿವಿಗೂ ನಡತೆಗೂ ಇರುವ ಅಂತರವನ್ನು ಎತ್ತಿತೋರಿಸುವ ನಿದರ್ಶನವಾಗಿದೆ.

೬. ಕಾಫಿನೀರಿನ ವಿಶೇಷ

ಊರಿನ ಕೊಳಚೆಯಲ್ಲಿ ಪೋಷಕದ್ರವ್ಯಗಳು ಹೆಚ್ಚು, ಇಂಗಾಲವು ಕಡಮೆ. ಕಾಫಿನೀರಿನಲ್ಲಿ ಇಂಗಾಲವು ಅತಿ ಹೆಚ್ಚು, ಅದಕ್ಕೆ ಹೋಲಿಸಿದರೆ ಪೋಷಕಗಳು ಕಡಮೆ. ಗಾಳಿಯುಳ್ಳ ತೊಟ್ಟಿಯ ಜೀವಿಗಳಿಗೆ ೧೦೦ ಪಾಲು ಆಮ್ಲಜನಕ ಬೇಡಿಕೆಗೆ ೫ ಪಾಲು ಸಾರಜನಕವೂ ೧ ಪಾಲು ರಂಜಕವೂ ಬೇಕೆಂಬುದು ಸ್ಥೂಲನಿಯಮ. ೪೦೦೦ ಬೇಡಿಕೆಯುಳ್ಳ ನೀರಿಗೆ ಈ ಲೆಕ್ಕದಂತೆ ಲೀಟರಿಗೆ ೨೦೦ ಮಿಲಿಗ್ರಾಂ ಸಾರಜನಕವೂ ೪೦ ಮಿಲಿಗ್ರಾಂ ರಂಜಕವೂ ಬೇಕಾಗುವುದು. ಇವು ಸಾಲದೆ ಹೋದರೆ ಗಸಿಯು ಸರಿಯಾಗಿ ಕಟ್ಟದೆ, ನೂಲುನೂಲಾಗಿ ತೇಲಿ, ನೀರಿನೊಡನೆ ಹರಿದುಹೋಗುವುದು. ಎಂದರೆ ಇಲ್ಲಿ ನೀರನ್ನು ಶುದ್ಧಿಗೊಳಿಸಲು ಮೊದಲು ಪೋಷಕಗಳನ್ನು ಕೊಡಬೇಕಾಗಬಹುದು. ಆದರೆ ಅಳತೆ ಮೀರಿ ಕೊಟ್ಟರೆ ಮಿಕ್ಕುದು ಹೊಳೆಗೆ ಸೇರುವುದು.

ಆದುದರಿಂದ ಕಾಫಿನೀರಿಗೆ ಮೊದಲು ಗಾಳಿಯಿಲ್ಲದ ಕೊಳವನ್ನೂ, ಬಳಿಕ ಗಾಳಿಯೂದುವ ಕೊಳವನ್ನೂ ವಿಧಿಸಿರುವುದು ಯುಕ್ತವಾಗಿದೆ. ಗಾಳಿಯಿಲ್ಲದ ಜೀವಿಗಳು ನಿಧಾನವಾಗಿ ಬೆಳೆಯುವುದರಿಂದ ಅವುಗಳ ಪೋಷಕದ ಬೇಡಿಕೆಯು ಬಹು ಕಡಮೆ. ಮೊದಲ ತಂಡವು ಪೆಕ್ಟಿನನ್ನು ಸಕ್ಕರೆಯಾಗಿಯೂ, ಎರಡನೆಯದು ಸಕ್ಕರೆಯನ್ನು ಆಮ್ಲಗಳಾಗಿಯೂ, ಮೂರನೆಯದು ಅವನ್ನು ಅಸಿಟಿಕ್ ಆಮ್ಲ ಮತ್ತು ಜಲಜನಕವಾಗಿಯೂ ಒಡೆಯುವುವು. ಕೊನೆಯಲ್ಲಿ ಆರ್ಕಿಯಾ ವರ್ಗದ ಜೀವಿಗಳು ಇವನ್ನು ಮೀಥೇನ್ ಅನಿಲವಾಗಿ ಮಾರ್ಪಡಿಸುವುವು. ಇವುಗಳಲ್ಲಿ ಕೊನೆಯ ತಂಡವೇ ಸುಕುಮಾರವಾದುದು. ಪಿಎಚ್ ಮಾನವು ೭ರ ಆಸುಪಾಸಿನಲ್ಲಿದ್ದರೆ ಮಾತ್ರ ಅದು ಬಾಳಬಲ್ಲುದು. ಹುದುಗಿದ ಕಾಫಿನೀರಿನ ಮಾನವಾದರೋ ೪ರ ಸಮೀಪ. ಸುಣ್ಣವನ್ನು ಬೆರೆಸುವುದು ಈ ಕಾರಣದಿಂದ. ಹಸುವಿನ ಸಗಣಿಯನ್ನು ಹೆಪ್ಪಾಗಿ ಹಾಕುವುದಕ್ಕೂ ಶಾಸ್ತ್ರೀಯವಾದ ಆಧಾರವುಂಟು: ಮೆಲುಕುಹಾಕುವ ಪಶುವಿನ ಹೊಟ್ಟೆಯು ಇದೇ ಆರ್ಕಿಯಾಗಳ ನಿವಾಸವಾಗಿದೆ. ಸುಣ್ಣ ಹಾಕದೆ, ಹೆಪ್ಪು ಹಾಕದೆ, ನೀರನ್ನು ಬರಿಯ ಗುಂಡಿಗೆ ತುಂಬಿದರೆ ಎರಡನೆಯ ತಂಡವು ಆಮ್ಲವನ್ನು ಮಾಡಿ ಮಾಡಿ ನಾಲ್ಕನೆಯದನ್ನು ಕೊಲ್ಲುವುದು. ನೀರು ಹುಳಿಯಾಗಿ ನಾರುತ್ತ ನಿಲ್ಲುವುದು. ಗುಂಡಿಗೆ ತಳಹಾಸು ಇಲ್ಲದಿದ್ದರೆ ಅದು ಇಂಗಿ ನೆರೆಯ ಬಾವಿಯನ್ನೂ ಕೆಡಿಸುವುದು.

ಕೆಲಸವು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ ನಡೆಯುವುದೂ ಒಂದು ತೊಡಕು. ಆದರೆ ಗಾಳಿಯಿಲ್ಲದ ಗಸಿಯು ತಿಂಗಳುಗಟ್ಟಲೆ ಉಪವಾಸವಿದ್ದು ಮರಳಿ ಚೇತರಿಸಬಲ್ಲುದು. ಹಿಂದಿನ ವರ್ಷದ ಗಸಿಯನ್ನು ಕೊಳದಲ್ಲಿ ಕಾಪಾಡಿಕೊಂಡ ತೋಟವು ಮುಂದಿನ ಕೊಯ್ಲಿಗೆ ಸಿದ್ಧವಾಗಿರುವುದು. ಕೊಳವನ್ನು ಬರಿದುಮಾಡಿದ ತೋಟವು ಮೊದಲಿನಿಂದ ತೊಡಗಬೇಕಾಗುವುದು. ಎಲ್ಲಕ್ಕಿಂತ ಮೊದಲ ಉಪಾಯವಾದರೋ ನೀರನ್ನೇ ಮಿತಗೊಳಿಸುವುದು: ತೊಳೆದ ನೀರನ್ನು ಮತ್ತೆ ಪಲ್ಪರಿಗೆ ಬಳಸುವುದು, ಲೋಳೆಯನ್ನು ಯಂತ್ರದಿಂದ ಉಜ್ಜಿ ತೆಗೆಯುವುದು ಮುಂತಾದುವು.

ಇಲ್ಲಿಯೇ ಒಂದು ಸ್ವಾರಸ್ಯವಾದ ಅಂಶವು ಹೊರಡುವುದು. ನೈಟ್ರೇಟನ್ನು ಅನಿಲವಾಗಿಸುವ ಜೀವಿಗಳಿಗೂ ರಂಜಕವನ್ನು ಕೂಡಿಡುವ ಜೀವಿಗಳಿಗೂ ಊರಿನ ಕೊಳಚೆಯಲ್ಲಿ ಇಂಗಾಲದ ಆಹಾರವು ಸಾಲದೆ ಬರುವುದುಂಟು. ಅನೇಕ ಕಡೆ ಮೆಥನಾಲ್, ಅಸಿಟಿಕ್ ಆಮ್ಲ ಮೊದಲಾದುವನ್ನು ಕೊಂಡು ಸುರಿಯುವರು. ಹುದುಗಿದ ಕಾಫಿನೀರಿನಲ್ಲಿ ಇರುವುವು ಇಂತಹ ಆಮ್ಲಗಳೇ. ದೂರ, ಕಾಲ, ಬಣ್ಣ ಇವುಗಳ ಅಡ್ಡಿಯಿರುವುದರಿಂದ ಎರಡನ್ನೂ ಬೆರೆಸುವುದು ಎಲ್ಲೆಡೆಯೂ ಸಾಧ್ಯವೆನ್ನಲಾಗದು. ಆದರೂ ಪೇಟೆಯ ಕೊರತೆಯನ್ನು ತೋಟವೂ ತೋಟದ ಕೊರತೆಯನ್ನು ಪೇಟೆಯೂ ತುಂಬಬಲ್ಲುವೆಂಬ ತತ್ತ್ವವು ಪರೀಕ್ಷಾರ್ಹವಾದುದು.

೭. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಸಂಗತಿಗಳು ನಿಷ್ಪನ್ನವಾಗುವುವು. ಮೊದಲನೆಯದು, ಕೊಳೆಯನ್ನು ಕಳೆಯುವುದು ಒಂದು ಜೀವಿಯಲ್ಲ, ಸರದಿಯಿಂದ ದುಡಿಯುವ ಸಮುದಾಯ. ಒಂದು ತಂಡವು ಸೋತರೆ ಮಿಕ್ಕವುಗಳ ಶ್ರಮವೂ ವ್ಯರ್ಥ. ಎರಡನೆಯದು, ಕೊಳವನ್ನು ತೋಡಿಸಿದ ಮಾತ್ರಕ್ಕೆ ತೋಟಗಾರನ ಹೊಣೆಯು ತೀರಲಿಲ್ಲ. ದನದ ಕೊಟ್ಟಿಗೆಯನ್ನು ನೋಡಿಕೊಳ್ಳುವಂತೆ ಅದನ್ನೂ ಹೊತ್ತುಹೊತ್ತಿಗೆ ನೋಡಿಕೊಳ್ಳಬೇಕು. ಮೂರನೆಯದು, ನೀರಿನಿಂದ ತೆಗೆದ ರಂಜಕವು ತೋಟದ ಮಣ್ಣಿಗೇ ಮರಳಬೇಕು. ಭಾರತಕ್ಕೆ ಬೇಕಾದ ರಂಜಕಶಿಲೆಯ ಬಹುಭಾಗವು ಹೊರದೇಶಗಳಿಂದ ಬರುವುದು. ಅದನ್ನು ಚೀಲದಲ್ಲಿ ಕೊಂಡು ಹೊಳೆಯಲ್ಲಿ ಬಿಡುವುದು ಎರಡು ಬಗೆಯಿಂದಲೂ ನಷ್ಟ. ಗಸಿಯನ್ನೂ ಸಿಪ್ಪೆಯನ್ನೂ ಗೊಬ್ಬರಮಾಡಿ ಗಿಡದ ಬುಡಕ್ಕೆ ಹಾಕಿದರೆ ಸುತ್ತು ಪೂರ್ಣವಾಗುವುದು.

ಹೇಮಾವತಿಯು ಸಕಲೇಶಪುರದ ಸೇತುವೆಯ ಕೆಳಗೆ ಯಾವ ಬಣ್ಣದಿಂದ ಹರಿಯುವುದೋ ಅದೇ ಬಣ್ಣದಿಂದ ಕೆಳಗಿನ ಊರುಗಳ ಕೊಡಗಳನ್ನು ತುಂಬುವುದು. ಮಲೆಯ ಮೇಲಿನ ಕೊಳದಲ್ಲಿ ಕಾಣದ ಜೀವಿಗಳಿಗೆ ಸುಣ್ಣ, ಹೆಪ್ಪು, ಗಾಳಿಗಳನ್ನು ಸಕಾಲದಲ್ಲಿ ಒದಗಿಸುವ ಕೈಯು ಆ ಕೊಡಗಳ ನೀರಿಗೂ ಹೊಣೆಯಾದ ಕೈ.